ಹಲಗೆಯ ಮೇಲೆ ಸುಣ್ಣದ ಕೈ

೮ ಫೆಬ್ರವರಿ

ನಕ್ಷೆ ಆಫೀಸಿನ ಅಮ್ಮನವರಿಗೆ,

ಕ್ಷೇಮ ಸಮಾಚಾರ ಆಮೇಲೆ ಕೇಳುತ್ತೇನೆ, ಮೊದಲು ಬಂದ ಕೆಲಸ ಮುಗಿಸುತ್ತೇನೆ. ನಿಮ್ಮ ಹೊಟ್ಟೆ ತಣ್ಣಗಿರಲಿ. ಇದನ್ನು ಹೇಳುವುದಕ್ಕೇ ಕಾಗದ ಹಿಡಿದೆ.

ನಾನು ಯಾರು ಎಂದು ನಿಮಗೆ ಗೊತ್ತಿಲ್ಲ. ಇಲ್ಲಿ ಹೆರಿಗೆ ಆಸ್ಪತ್ರೆ ಕಟ್ಟುತ್ತಿರುವ ಮೇಸ್ತ್ರಿ ಇದ್ದಾಳಲ್ಲ, ಅವಳ ತಾಯಿ. ಹೌದು, ಮೇಸ್ತ್ರಿ ಹೆಂಗಸೇ. ಕರಣೆ ಹಿಡಿಯುವುದಕ್ಕೆ ಮೀಸೆ ಬೇಕಿಲ್ಲ. ನಾನೂ ನಲವತ್ತು ವರ್ಷ ಇದೇ ಕೆಲಸದಲ್ಲಿ ಸವೆದವಳು. ಮೊದಲು ಬಾಂಡ್ಲಿ ಹೊತ್ತೆ, ಆಮೇಲೆ ಹಸಿ ಕಾಂಕ್ರೀಟಿಗೆ ಹೊತ್ತು ಹೊತ್ತಿಗೆ ನೀರು ಹಾಕಿದೆ. ಈಗ ಸೈಟಿನ ಪಕ್ಕದ ತಗಡಿನ ರೂಮಿನಲ್ಲಿ ಇಪ್ಪತ್ತೆರಡು ಜನಕ್ಕೆ ಅಡುಗೆ ಮಾಡುತ್ತೇನೆ. ಎಲ್ಲರೂ ಅಜ್ಜಿ ಎನ್ನುತ್ತಾರೆ, ಬೈಸಿಕೊಂಡವರು ಇನ್ನೇನೋ ಎನ್ನುತ್ತಾರೆ. ಕಾಂಕ್ರೀಟ್ ಮಿಕ್ಸರಿನ ಸದ್ದು ನನ್ನ ಎರಡೂ ಕಿವಿ ಮುಕ್ಕಾಲು ತಿಂದಿದೆ, ಹತ್ತಿರ ನಿಂತು ಗಟ್ಟಿಯಾಗಿ ಹೇಳಿದರೆ ಮಾತ್ರ ಕೇಳುತ್ತದೆ, ಫೋನು ನನಗೆ ಬರಿ ಇಟ್ಟಿಗೆ. ಅದಕ್ಕೇ ಕಾಗದ. ಓದಿದ್ದು ನಾಲ್ಕನೇ ಕ್ಲಾಸು, ಅದೂ ಮೇಷ್ಟರು ಬಂದ ದಿನ ಮಾತ್ರ. ತಪ್ಪಿದ್ದರೆ ನುಂಗಿಕೊಳ್ಳಿ.

ಸೈಟ್ ಆಫೀಸಿನಲ್ಲಿ ಸ್ಲೇಟಿನಂಥ ಒಂದು ಟ್ಯಾಬ್ ಇದೆ. ನೀವು ಅಷ್ಟು ದೂರದಲ್ಲಿ ಕೂತು ಬರೆದ ನಕ್ಷೆಯನ್ನು ಅದರೊಳಗೆ ಎಲ್ಲರೂ ಒಟ್ಟಿಗೇ ನೋಡುತ್ತಾರಂತೆ: ಇಂಜಿನಿಯರ್, ಕಂಟ್ರಾಕ್ಟರ್, ನೀವು, ನಿಮ್ಮ ಮೇಲಿನವರು. ನೋಡಿ ಸರಿ ಅನ್ನಿಸಿದರೆ ಹಸಿರು ಟಿಕ್ ಒತ್ತುತ್ತಾರಂತೆ. ನನ್ನ ಮಗಳು ನೋಡಬಹುದು, ಒತ್ತುವಂತಿಲ್ಲ.

ಮುಂಬಾಗಿಲಿನ ಸಜ್ಜಾ ಆ ಟ್ಯಾಬಿನಲ್ಲಿ ತಪ್ಪಾಗಿತ್ತು. ಗೋಡೆಯಿಂದ ಆರಡಿ ಹೊರಗೆ ಚಾಚಿಕೊಂಡಿರುವ ಕಾಂಕ್ರೀಟು, ಕೆಳಗೆ ಒಂದೂ ಕಂಬವಿಲ್ಲ. ಅದಕ್ಕೆ ಕಂಬಿ ಮೇಲ್ಗಡೆ ಬರಬೇಕು. ತುಂಬಿದ ಕೊಡ ಹಿಡಿದು ತೋಳು ಮುಂದೆ ಚಾಚಿ ನೋಡಿ, ಎಳೆತ ಎಲ್ಲಿ? ಭುಜದ ಮೇಲ್ಗಡೆ. ನಕ್ಷೆಯಲ್ಲಿ ಕಂಬಿ ಕೆಳಗಿತ್ತು. ನಾಲ್ಕು ಹಸಿರು ಟಿಕ್ಕೂ ಬಿದ್ದಿದ್ದವು. ಹಾಗೇ ಹಲಗೆಯ ಮೇಲೆ ಕಾಂಕ್ರೀಟ್ ಹಾಕಿದ್ದರೆ, ಹಲಗೆ ಹೊತ್ತ ಆಸರೆ ಬಿಚ್ಚಿದ ದಿನ ಅಷ್ಟೂ ಕೆಳಗೆ. ಕೆಳಗೆ ಯಾರು? ನನ್ನ ಮಗಳು. ಆಸರೆ ಬಿಚ್ಚುವಾಗ ಮೇಸ್ತ್ರಿಯೇ ಮುಂದೆ ನಿಲ್ಲಬೇಕು.

ಕಾಂಕ್ರೀಟ್ ಹಾಕಬೇಕಿದ್ದ ಶುಕ್ರವಾರ ಮಿಕ್ಸರ್ ತಿರುಗಲು ಶುರುವಾಗಿತ್ತು. ಇಂಜಿನಿಯರ್ ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಓಡಿ ಬಂದ. "ನಿಲ್ಸಿ, ನಿಲ್ಸಿ! ನಕ್ಷೆ ಮೇಡಂ ನಿಲ್ಸಿ ಅಂತ ಬರ್ದಿದಾರೆ!" ಮೂರು ದಿನ ಬಿಚ್ಚಿ ಕಟ್ಟಿ, ಕಂಬಿ ಮೇಲೆ ತಂದು, ಆಮೇಲೆ ಕಾಂಕ್ರೀಟ್ ಹಾಕಿದರು.

ಹಿಂದೆ ಇಂಥ ಮಾತು ಬಸ್ಸು ಹತ್ತಿ ಬರಬೇಕಿತ್ತು. ನಿಮ್ಮ ಮಾತು ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಆ ಟ್ಯಾಬಿನಲ್ಲಿ "ಸರಿ", "ಸರಿಯಿಲ್ಲ", "ನೋಡಿದೆ" ಎನ್ನುವುದಕ್ಕೆ ಗುಂಡಿ ಇದೆಯಂತೆ, ಉಪಕಾರ ನೆನೆಯುವುದಕ್ಕೆ ಗುಂಡಿ ಇಲ್ಲವಂತೆ. ಅದಕ್ಕೇ ಈ ಐದು ರೂಪಾಯಿಯ ಲಕೋಟೆ.

ಇನ್ನು, ಆ ತಪ್ಪು ನಕ್ಷೆ ಬರೆದ ಮಹಾನುಭಾವ ಯಾರು? ಓದಿ ಓದಿ ಮರುಳಾದವನು. ಅವನನ್ನು ಆ ಸಜ್ಜಾದ ಕೆಳಗೇ ಸ್ಟೂಲು ಹಾಕಿ ಕೂರಿಸಬೇಕು. ನೀವು ಹತ್ತಿರದಲ್ಲಿದ್ದೀರಿ, ನನ್ನ ಪರವಾಗಿ ನಾಲ್ಕು ಮಾತು ಬೈಯಿರಿ.

ಮಂಡಿ ನೋವು, ಹೆಚ್ಚು ಕೂರಲಾಗದು.

ಮೇಸ್ತ್ರಿಯ ತಾಯಿ


೧೯ ಫೆಬ್ರವರಿ

ಹಿರಿಯರಾದ ಅಮ್ಮನವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ನಕ್ಷೆಯ ದೋಷವನ್ನು ಸೈಟಿಗೆ ತಿಳಿಸುವುದು ನನ್ನ ಕರ್ತವ್ಯವಾಗಿತ್ತು. ತಾವು ಬರೆದಷ್ಟು ದೊಡ್ಡ ಮಾತಿಗೆ ನಾನು ಅರ್ಹಳಲ್ಲ. ತಮ್ಮ ಮಗಳು ಕ್ಷೇಮವಾಗಿದ್ದಾರೆ ಎಂದು ತಿಳಿದು ಸಮಾಧಾನವಾಯಿತು.

ಒಂದು ವಿಷಯ ಕೇಳಬೇಕಿತ್ತು. ಗುರುವಾರ ಸಂಜೆ ಸೈಟಿನಿಂದ ಹಾಕಿದ ಫೋಟೋದಲ್ಲಿ, ಸಜ್ಜಾದ ಹಲಗೆಯ ಮೇಲೆ, ಕಂಬಿಗಳ ನಡುವೆ ಒಂದು ಬಿಳಿ ಗುರುತು ಕಾಣುತ್ತದೆ. ಅಂಗೈ ಊರಿದ ಹಾಗೆ. ಅದು ಏನೆಂದು ತಮ್ಮ ಮಗಳಿಗೆ ಗೊತ್ತಿರಬಹುದೇ?

ಮಂಡಿನೋವಿಗೆ ವೈದ್ಯರನ್ನು ಕಾಣಿರಿ.

ಇತಿ,
ನಕ್ಷೆ ವಿಭಾಗದಿಂದ


೨೭ ಫೆಬ್ರವರಿ

ನಕ್ಷೆ ಅಮ್ಮನವರಿಗೆ,

ನಿಮ್ಮ ಕಾಗದ ಎರಡು ಸಲ ಓದಿದೆ. ಮೊದಲನೇ ಸಲ ಇದು ಬ್ಯಾಂಕಿನಿಂದ ಬಂದದ್ದು ಎಂದುಕೊಂಡೆ. ಅಷ್ಟು ಇಸ್ತ್ರಿ ಹಾಕಿ ಬರೆಯಬೇಡಿ, ನಾನೇನು ಕಲೆಕ್ಟರ್ ಅಲ್ಲ. ಟ್ಯಾಬಿನಲ್ಲಿ ನಿಮ್ಮ ಮುಖ ಹೆಸರುಕಾಳಿನಷ್ಟು ಗುಂಡಗೆ ಕಾಣುತ್ತದೆ. ಹೆಂಗಸು ಎಂದು ಗೊತ್ತಾಯಿತು, ವಯಸ್ಸು ಗೊತ್ತಾಗಲಿಲ್ಲ. ಬರೆಯಿರಿ.

ಬಿಳಿ ಗುರುತೋ? ಸೈಟು ಎಂದ ಮೇಲೆ ಸುಣ್ಣ ಚೆಲ್ಲದೆ ಪನ್ನೀರು ಚೆಲ್ಲುತ್ತದೆಯೇ. ಯಾರೋ ಕೈ ಊರಿರಬೇಕು. ಬಿಡಿ.

ಮಂಡಿಗೆ ಎಣ್ಣೆ ತಿಕ್ಕುತ್ತಿದ್ದೇನೆ. ಮೆಟ್ಟಿಲಿಳಿಯುವಾಗ ಜಾರಿತು ಎಂದು ಮಗಳಿಗೆ ಹೇಳಿದೆ. "ನಮ್ ರೂಮಿಗೆ ಮೆಟ್ಟಿಲೇ ಇಲ್ವಲ್ಲಮ್ಮಾ" ಎಂದಳು. ಹೆತ್ತ ತಾಯಿಯ ಹತ್ತಿರ ಪೊಲೀಸರ ಹಾಗೆ ಮಾತಾಡುತ್ತಾಳೆ.

ಇವತ್ತು ಬರೆಯುವುದಕ್ಕೆ ಕಾರಣ ಬೇರೆ. ಬಿಚ್ಚಿ ಕಟ್ಟಿದ್ದಕ್ಕೆ ಮೂರು ದಿನ ಹೋಯಿತಲ್ಲ, ಆ ಟ್ಯಾಬಿನಲ್ಲಿ ತಡಕ್ಕೆ ಯಾರು ಕಾರಣ ಎಂದು ಬರೆಯುವ ಒಂದು ಚೌಕ ಇದೆಯಂತೆ. ಅದರಲ್ಲಿ "ಮೇಸ್ತ್ರಿ ತಂಡ" ಎಂದು ಯಾರೋ ಒತ್ತಿದ್ದಾರೆ. ಬಿಚ್ಚಿದ್ದು ಅವರು, ಕಟ್ಟಿದ್ದು ಅವರು, ಹಾಗಾಗಿ ತಡವೂ ಅವರದ್ದೇ! ಹಡೆದವಳಿಗೇ ಹೆರಿಗೆ ನೋವಿನ ಅಪವಾದ. ಮುಂದಿನ ತಿಂಗಳು ಕಳೆದರೆ ನರ್ಸುಗಳ ವಸತಿ ಕಟ್ಟಡ ಶುರುವಾಗುತ್ತದೆ. ಅದು ನಮಗೇ ಎಂದಿದ್ದ ಕಂಟ್ರಾಕ್ಟರ್ ಈಗ, "ನಿಮ್ ತಂಡದ್ ಮೇಲೆ ಕಪ್ಪು ಚುಕ್ಕೆ ಬಿದ್ದಿದೆಯಲ್ಲಮ್ಮ, ಎಲ್ರೂ ನೋಡ್ತಾರೆ" ಎನ್ನುತ್ತಾನಂತೆ. ಇಪ್ಪತ್ತೆರಡು ಜನ ಗಂಟು ಕಟ್ಟಿಕೊಂಡು ಇನ್ನೊಂದು ಊರು ಹುಡುಕಬೇಕು. ಮಗಳ ತಟ್ಟೆಯಲ್ಲಿ ಊಟ ಹಾಗೇ ಉಳಿಯುತ್ತದೆ. ಹದಿನೆಂಟು ವರ್ಷ ಕೆಲಸ ಮಾಡಿ ಮೇಸ್ತ್ರಿ ಎನ್ನಿಸಿಕೊಂಡವಳು.

ನೀವು ದೊಡ್ಡ ಮನಸ್ಸಿನವರು, ನಿಮ್ಮನ್ನು ಇದಕ್ಕೆ ಎಳೆಯುವುದಿಲ್ಲ. ಆದರೆ ಆ ನಕ್ಷೆ ಬರೆದ ಮಂಕುದಿಣ್ಣೆ ಈಗ ಎಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾನೆ? ಅವನು ಒಂದು ಸಾಲು ಬರೆದರೆ ಸಾಕಲ್ಲ. ಬೈದಿರೋ ಇಲ್ಲವೋ?

ನಿಮ್ಮ ಉಪಕಾರವನ್ನು ಮಾತ್ರ ದಿನಾ ನೆನೆಯುತ್ತೇನೆ. ಮಗಳು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ನನಗೆ ಕೇಳಿಸುವುದಿಲ್ಲ, ನೆಲ ಅದುರುವುದು ಗೊತ್ತಾಗುತ್ತದೆ. ಆಗೆಲ್ಲ ನಿಮ್ಮ ಹೆಸರುಕಾಳು ಮುಖ ನೆನಪಾಗುತ್ತದೆ.

ಅಜ್ಜಿ


೧೪ ಮಾರ್ಚ್

ಅಜ್ಜಿಗೆ,

ನನಗೆ ಇಪ್ಪತ್ತಾರು ವರ್ಷ. ನಿಮ್ಮ ಕಾಗದ ಹತ್ತು ದಿನ ನನ್ನ ಬ್ಯಾಗಿನಲ್ಲೇ ಇತ್ತು.

ಆ ಮಂಕುದಿಣ್ಣೆ ನಾನೇ.

ಸಜ್ಜಾದ ನಕ್ಷೆ ಬರೆದವಳು ನಾನು. ಒಳಗಿನ ಕೋಣೆಯೊಂದರ ಛಾವಣಿಯ ನಕ್ಷೆ ತೆಗೆದುಕೊಂಡು, ಅಳತೆ ಬದಲಿಸಿ, ಸಜ್ಜಾ ಎಂದು ಹೆಸರು ಬರೆದೆ. ಛಾವಣಿಗೆ ಎರಡೂ ಕಡೆ ಗೋಡೆಯ ಆಸರೆ ಇರುತ್ತದೆ, ಕಂಬಿ ಕೆಳಗಿದ್ದರೆ ಸರಿ. ಸಜ್ಜಾಕ್ಕೆ ಮೇಲೆ ತರಬೇಕು ಎಂದು ಕಾಲೇಜಿನ ಎರಡನೇ ವರ್ಷದಲ್ಲೇ ಕಲಿತಿದ್ದೆ. ಮರೆತದ್ದಲ್ಲ ಅಜ್ಜಿ, ಅವಸರ. ಪರಿಶೀಲಿಸುವ ಮೇಲಿನವರು ನೋಡುತ್ತಾರಲ್ಲ ಎಂದುಕೊಂಡು ಟಿಕ್ ಒತ್ತಿದೆ. ಅವರು, ಬರೆದವಳು ಎರಡು ಸಲ ನೋಡಿರುತ್ತಾಳೆ ಎಂದುಕೊಂಡು ಒತ್ತಿದರು. ಕಂಟ್ರಾಕ್ಟರ್ ಕಡೆಯವರು ಎರಡು ಟಿಕ್ ಇದೆಯಲ್ಲ ಎಂದು ಒತ್ತಿದರು. ಸೈಟಿನ ಇಂಜಿನಿಯರ್ ಮೂರು ನೋಡಿದರು, ನಾಲ್ಕನೆಯದು ಒತ್ತಿದರು. ಎಲ್ಲರ ಕಣ್ಣ ಮುಂದೆ ಇದ್ದ ನಕ್ಷೆಯನ್ನು ಯಾರೂ ನೋಡಲಿಲ್ಲ.

ಶುಕ್ರವಾರ ಬೆಳಗ್ಗೆ ನಾನು ಸಜ್ಜಾವನ್ನು ಹುಡುಕಿಕೊಂಡು ಹೋದದ್ದೂ ಅಲ್ಲ. ಚಹಾ ಕುಡಿಯುತ್ತಾ ಫೋಟೋ ಸರಿಸುತ್ತಿದ್ದೆ. ಆ ಬಿಳಿ ಕೈ ಕಂಡಿತು. ಇದೇನಿದು ಎಂದು ದೊಡ್ಡದು ಮಾಡಿದೆ. ಕಂಬಿಯ ನೆರಳು ಕಂಬಿಗೆ ಅಂಟಿಕೊಂಡೇ ಆ ಕೈಯ ಮೇಲೆ ಬಿದ್ದಿತ್ತು. ಕಂಬಿ ಮೇಲಿದ್ದಿದ್ದರೆ ನೆರಳು ನಾಲ್ಕು ಬೆರಳು ಆಚೆ ಬೀಳಬೇಕಿತ್ತು. ಕಂಬಿ ಯಾಕಿಷ್ಟು ಕೆಳಗಿದೆ ಎಂದು ನಕ್ಷೆ ತೆಗೆದರೆ, ಮೂಲೆಯಲ್ಲಿ ನನ್ನದೇ ಸಹಿ. "ನಿಲ್ಲಿಸಿ" ಎಂದು ಟೈಪ್ ಮಾಡುವಾಗ ಎರಡು ಸಲ ತಪ್ಪಿತು.

ಆಮೇಲೆ ಬೇರೆಯವರ ತಪ್ಪು ಹಿಡಿದವಳ ಹಾಗೆ "ದೋಷ ಸರಿಪಡಿಸಲಾಗಿದೆ" ಎಂದಷ್ಟೇ ಬರೆದು ಸುಮ್ಮನಾದೆ. ಮೇಲಿನವರು "ಒಳ್ಳೆ ಕಣ್ಣು ನಿನ್ನದು" ಎಂದರು. ನಾನು ಥ್ಯಾಂಕ್ಸ್ ಎಂದೆ. ನಿಮ್ಮ ಮೊದಲ ಕಾಗದ ಬಂದದ್ದು ಆ ವಾರ.

ತಡದ ಚೌಕದಲ್ಲಿ ನಿಮ್ಮ ಮಗಳ ತಂಡದ ಹೆಸರು ಬಿದ್ದದ್ದು ನನಗೆ ಗೊತ್ತಿರಲಿಲ್ಲ. ನಿಮ್ಮ ಕಾಗದ ನೋಡಿದ ಮೇಲೆ ತೆರೆದು ನೋಡಿದೆ. ಗೊತ್ತಾದ ಮೇಲೂ ಹತ್ತು ದಿನ ಸುಮ್ಮನಿದ್ದೆ. ಆ ಆ್ಯಪಿನಲ್ಲಿ ಬರೆದದ್ದನ್ನು ಅರವತ್ತೊಂದು ಜನ ನೋಡುತ್ತಾರೆ, ಬರೆದ ಮೇಲೆ ಅಳಿಸಲಾಗದು. ಇದು ನನ್ನ ಮೊದಲ ಕೆಲಸ.

ಸೋಮವಾರ ಬರೆಯುತ್ತೇನೆ. ನಿಮಗೆ ಮೊದಲು ಹೇಳದೆ ಅಲ್ಲಿ ಬರೆಯಬಾರದು ಅನ್ನಿಸಿತು.

ಬೈಯಿರಿ ಅಜ್ಜಿ. ಸ್ಟೂಲು ನಾನೇ ತರುತ್ತೇನೆ.

ನಕ್ಷೆಯವಳು


೨ ಏಪ್ರಿಲ್

ಅಜ್ಜಿಗೆ,

ನಿಮ್ಮಿಂದ ಕಾಗದವಿಲ್ಲ. ಇಲ್ಲದಿರುವುದೇ ಸರಿ ಇರಬಹುದು.

ಸೋಮವಾರ ಬರೆದೆ. "ಸಜ್ಜಾದ ನಕ್ಷೆ ತಪ್ಪಾಗಿ ಬರೆದವಳು ನಾನು. ಮೂರು ದಿನದ ತಡ ನನ್ನಿಂದ. ತಪ್ಪು ನನ್ನ ಕಣ್ಣಿಗೆ ಬಿದ್ದದ್ದು ಸೈಟಿನ ಫೋಟೋದಿಂದ, ಮೇಸ್ತ್ರಿ ತಂಡ ಅದನ್ನು ಸರಿ ಮಾಡಿದೆ." ಅಷ್ಟೇ. ಒತ್ತಿದ ಮೇಲೆ ಎದ್ದು ನೀರು ಕುಡಿಯಲು ಹೋದೆ.

ವಾಪಸು ಬರುವಷ್ಟರಲ್ಲಿ ನಮ್ಮ ಮೇಲಿನವರು ಅದರ ಕೆಳಗೆ ಬರೆದಿದ್ದರು: "ನೋಡದೆ ಟಿಕ್ ಒತ್ತಿದವನು ನಾನೂ." ಸಂಜೆ ನಿಮ್ಮ ಇಂಜಿನಿಯರ್ ಬರೆದರು. ಕಂಟ್ರಾಕ್ಟರ್ ಕಡೆಯವರು ಇನ್ನೂ ಬರೆದಿಲ್ಲ. ಆರು ತಿಂಗಳು ನನ್ನ ಪ್ರತಿ ನಕ್ಷೆಯನ್ನೂ ಇನ್ನೊಬ್ಬರು ನನ್ನ ಎದುರಿಗೇ ಕೂತು ನೋಡುತ್ತಾರೆ. ಕೆಲಸ ಉಳಿದಿದೆ.

ಚೌಕದಲ್ಲಿ ಹೆಸರು ಬದಲಾಯಿತೇ? ಈಗ ನನಗೆ ಆ ಪುಟ ಕಾಣದಂತೆ ಮಾಡಿದ್ದಾರೆ. ಒಂದು ಸಾಲು ಸಾಕು ಅಜ್ಜಿ, ಬೈಗುಳವಾದರೂ ಸರಿ.

ನಕ್ಷೆಯವಳು


೯ ಏಪ್ರಿಲ್

ಮಗಳೇ,

ಇಪ್ಪತ್ತಾರು ವರ್ಷದವಳಿಗೆ "ನೀವು" ಎನ್ನಲು ನನ್ನ ನಾಲಿಗೆ ಒಪ್ಪುವುದಿಲ್ಲ. ಇನ್ನು ಮೇಲೆ ನೀನು.

ಕೋಪ ಬಂದಿತ್ತು, ಸುಳ್ಳೇಕೆ. ಎರಡು ದಿನ ನಿನ್ನ ಕಾಗದವನ್ನು ಉಪ್ಪಿನ ಡಬ್ಬಿಯ ಕೆಳಗೆ ಇಟ್ಟೆ. ಮೂರನೇ ದಿನ ಉಪ್ಪು ತೆಗೆಯುವಾಗ ಮತ್ತೆ ಓದಿದೆ. ನಿನ್ನನ್ನು ನಿನ್ನ ಮುಖಕ್ಕೇ ಮಂಕುದಿಣ್ಣೆ ಎಂದಿದ್ದೆನಲ್ಲ, ಅದನ್ನು ಓದಿಕೊಂಡೂ ನನಗೆ ಕಾಗದ ಬರೆದೆಯಲ್ಲ, ಆಗ ನಗು ಬಂತು. ಆಮೇಲೆ ಕಣ್ಣು ಒದ್ದೆಯಾಯಿತು. ಹೊಗೆ ಎಂದೆ. ಗ್ಯಾಸ್ ಒಲೆಯಲ್ಲಿ ಯಾವ ಹೊಗೆ ಎಂದು ಮಗಳು ಕೇಳಿದಳು. ಪೊಲೀಸಿನವಳು ಎಂದು ಆಗಲೇ ಬರೆದಿದ್ದೇನೆ.

ಆದರೂ ಬರೆಯಲಿಲ್ಲ, ಆಸರೆ ಬಿಚ್ಚುವ ದಿನ ಹತ್ತಿರವಿತ್ತು. ನನ್ನ ಬಾಯಿಗಿಂತ ಮೊದಲು ಸಜ್ಜಾ ಉತ್ತರ ಹೇಳಲಿ ಎಂದು ಕಾದೆ. ನಿನ್ನ ಜೀವ ಇಷ್ಟು ಒದ್ದಾಡುತ್ತದೆ ಎಂದು ಗೊತ್ತಿದ್ದರೆ ಕಾಯುತ್ತಿರಲಿಲ್ಲ. ಅದು ನನ್ನ ತಪ್ಪು. ಟಿಕ್ ಒತ್ತಿಕೋ.

ಈಗ ನನ್ನ ಇನ್ನೊಂದು ತಪ್ಪು. ಆ ಕೈ ನನ್ನದು.

ನಾವು ಬಾಂಡ್ಲಿ ಹೊರುತ್ತಿದ್ದ ಕಾಲದಲ್ಲಿ ಹೆಂಗಸರ ಮಾತಿಗೆ ಸೈಟಿನಲ್ಲಿ ಜಾಗವಿರಲಿಲ್ಲ. ತಪ್ಪು ಕಂಡರೂ ಹೇಳುವಂತಿಲ್ಲ. "ನೀರ್ ಹಾಕೋಳು ನೀರ್ ಹಾಕು" ಎನ್ನುತ್ತಿದ್ದರು. ಅದಕ್ಕೆ ನಮ್ಮ ತಂಡದ ಹೆಂಗಸರು ಒಂದು ದಾರಿ ಮಾಡಿಕೊಂಡಿದ್ದೆವು. ಸರಿಯಿಲ್ಲ ಅನ್ನಿಸಿದ ಕಡೆ ಸುಣ್ಣದಲ್ಲಿ ಅದ್ದಿದ ಕೈಯನ್ನು ಹಲಗೆಯ ಮೇಲೆ ಊರಿ ಸುಮ್ಮನೆ ಹೋಗಿಬಿಡುವುದು. ಅಂಥ ಹಲಗೆಯ ಮೇಲೆ ನಮ್ಮ ಮೇಸ್ತ್ರಿಗಳು ಕಾಂಕ್ರೀಟ್ ಸುರಿಯುತ್ತಿರಲಿಲ್ಲ. ಯಾರ ಕೈ ಎಂದು ಕೇಳಬಾರದು, ಯಾಕೆ ಎಂದು ಮಾತ್ರ ಕೇಳಬೇಕು. ಅದು ಕಟ್ಟಳೆ.

ನನ್ನ ಅಕ್ಕ ಸತ್ತದ್ದು ಸಜ್ಜಾದ ಕೆಳಗೆ. ಮೊದಲ ಕಾಗದದಲ್ಲಿ ಬರೆಯಲಾಗಲಿಲ್ಲ, ಈಗ ಬರೆಯುತ್ತೇನೆ. ಕಂಬಿ ಕೆಳಗಿತ್ತು. ತಿದ್ದಿದ ನಕ್ಷೆ ಅಂಚೆಯಲ್ಲಿ ಎರಡು ದಿನ ತಡವಾಗಿ ಬಂತು. ಆಸರೆ ಬಿಚ್ಚಿದ ದಿನ ಅವಳು ನೀರು ಹಾಕಿ ನೆರಳಿಗೆ ಎಂದು ಸಜ್ಜಾದ ಕೆಳಗೇ ಕೂತಿದ್ದಳು. ನಾನು ಕೊಡ ತುಂಬಿಸಲು ಹೋಗಿದ್ದೆ. ಮೊದಲೇ ನನಗೆ ಅನುಮಾನವಿತ್ತು, ಕೈ ಊರಿರಲಿಲ್ಲ. ಇನ್ನೂ ಚಿಕ್ಕವಳು, ನನಗೇನು ಗೊತ್ತು ಎಂದುಕೊಂಡೆ.

ಆ ಗುರುವಾರ ಊಟ ಕೊಡಲು ಹೋದಾಗ ಕೆಳಗೆ ನಿಂತು ಹಲಗೆಯ ಅಂಚಿನಿಂದಲೇ ಕಂಬಿ ನೋಡಿದೆ. ಮಗಳಿಗೆ ಹೇಳಿದೆ. "ನಂಗೂ ಅನ್ನಿಸ್ತಮ್ಮಾ. ಸಾರ್‌ಗೆ ಹೇಳ್ದೆ. ನಾಲ್ಕ್ ಟಿಕ್ ಬಿದ್ದಿದೆ, ನೀನು ನಾಲ್ಕ್ ಜನ ಇಂಜಿನಿಯರಿಗಿಂತ ದೊಡ್ಡೋಳಾ ಅಂದ್ರು" ಎಂದಳು. ಹತ್ತು ಜನ ಕಾದ ಹಾಲು ಉಕ್ಕಿತಂತೆ. ಎಲ್ಲರೂ ಊಟಕ್ಕೆ ಕೂತಾಗ ಸುಣ್ಣದ ಡಬ್ಬಿ ಹಿಡಿದು ಏಣಿ ಹತ್ತಿದೆ. ಅರವತ್ತು ದಾಟಿದವರು ಏಣಿ ಹತ್ತುವಂತಿಲ್ಲ ಎಂದು ಇಲ್ಲಿ ಬೋರ್ಡೇ ಇದೆ. ನನಗೆ ಎಪ್ಪತ್ತೊಂದು. ಇಳಿಯುವಾಗ ಕೊನೆಯ ಮೂರು ಮೆಟ್ಟಿಲನ್ನು ಮಂಡಿಯಲ್ಲೇ ಇಳಿದೆ.

ಈ ಕಾಲದ ಹುಡುಗರಿಗೆ ಸುಣ್ಣದ ಕೈ ಏನು ಗೊತ್ತು, ನನ್ನ ಮಗಳಿಗೆ ಗೊತ್ತು. ಅವಳು ನನ್ನನ್ನು ಏನೂ ಕೇಳಲಿಲ್ಲ. ಸಂಜೆ ಇಂಜಿನಿಯರ್ ಫೋಟೋ ತೆಗೆಯಲು ಬಂದಾಗ, "ಸಾರ್, ಇಲ್ಲಿ ನಿಂತು ತೆಗೀರಿ, ಬೆಳಕು ಚೆನ್ನಾಗಿದೆ" ಎಂದಳಂತೆ. ಮರುದಿನ ಮಿಕ್ಸರಿನ ಬೆಲ್ಟು ಸಡಿಲವಾಗಿದೆ ಎಂದು ಒಂದು ಗಂಟೆ ತಡ ಮಾಡಿದಳಂತೆ. ಬೆಲ್ಟು ನಿಜವಾಗಿ ಸಡಿಲವಿತ್ತೇ ಎಂದು ನಾನೂ ಅವಳನ್ನು ಕೇಳಿಲ್ಲ.

ಹೀಗೆ ನಾನು ಊರಿದೆ, ಅವಳು ತೋರಿಸಿದಳು, ನೀನು ನೋಡಿದೆ. ಅರವತ್ತೊಂದು ಜನರಲ್ಲಿ ನೋಡಿದವಳು ನೀನೊಬ್ಬಳು. ನಕ್ಷೆ ಬರೆದವಳು ನೀನೇ ಆಗಿದ್ದರೆ ನನ್ನ ಉಪಕಾರ ಸ್ಮರಣೆ ಕಡಿಮೆಯಾಗುತ್ತದೆ ಎಂದುಕೊಂಡೆಯಾ? ಹುಚ್ಚಿ. ತನ್ನ ತಪ್ಪನ್ನು ಕಂಡು "ನಿಲ್ಲಿಸಿ" ಎನ್ನುವುದು ಬೇರೆಯವರ ತಪ್ಪು ಹಿಡಿದಷ್ಟು ಸುಲಭವೇ? ನಾನು ಐವತ್ತು ವರ್ಷದ ಹಿಂದೆ ಅನ್ನಲಾಗದ ಮಾತನ್ನು ನೀನು ಎರಡು ಸಲ ತಪ್ಪು ಬರೆದು ಮೂರನೇ ಸಲ ಅಂದೆ. ಅಂದು ಅಂಚೆಯಲ್ಲಿ ಎರಡು ದಿನ ತಡವಾಗಿ ಬಂದ ಮಾತು ಈ ಸಲ ತಡವಾಗಲಿಲ್ಲ. ಆ ಟ್ಯಾಬನ್ನೂ ಇನ್ನು ಬೈಯುವುದಿಲ್ಲ, ದಿನಾ ಒರೆಸಿಡು ಎಂದು ಮಗಳಿಗೆ ಹೇಳಿದ್ದೇನೆ.

ನೀನು ಬರೆದದ್ದನ್ನು ಇಂಜಿನಿಯರ್ ಇಪ್ಪತ್ತೆರಡು ಜನರ ಮುಂದೆ ಗಟ್ಟಿಯಾಗಿ ಓದಿದ. ನನಗಾಗಿ ಇನ್ನೊಂದು ಸಲ ಕಿರುಚಿದ. ಚೌಕದಲ್ಲಿ ಈಗ "ನಕ್ಷೆ" ಎಂದಿದೆ. ನರ್ಸುಗಳ ಕಟ್ಟಡಕ್ಕೆ ಮೊನ್ನೆ ನಮ್ಮವರೇ ಪಾಯ ಅಗೆದರು. ಮಗಳು ತಟ್ಟೆ ಖಾಲಿ ಮಾಡಿ ಇನ್ನಷ್ಟು ಬಡಿಸು ಎಂದಳು. ಟ್ಯಾಬಿನಲ್ಲಿ ಅವಳಿಗೂ ಒಂದು ಗುಂಡಿ ಕೊಟ್ಟಿದ್ದಾರೆ, "ನಿಲ್ಲಿಸಿ" ಎನ್ನುವ ಗುಂಡಿ. ಅದರ ಮೇಲೆ ಏನು ಚಿತ್ರ ಹಾಕಲಿ ಎಂದು ಇಂಜಿನಿಯರ್ ಕೇಳಿದನಂತೆ, ಓದು ಬರದವರಿಗೂ ತಿಳಿಯಬೇಕಲ್ಲ. ಅವಳು ಅಂಗೈ ಎತ್ತಿ ತೋರಿಸಿದಳಂತೆ. ಆದರೆ ನನ್ನ ಏಣಿಯ ವಿಚಾರ ಅಲ್ಲೆಲ್ಲೂ ಬರೆದುಬಿಡಬೇಡ, ಬೋರ್ಡು ನೆನಪಿರಲಿ.

ಶನಿವಾರ ಆಸರೆ ಬಿಚ್ಚಿದರು. ಮಗಳು ಮುಂದೆ ನಿಂತಳು. ಬೇಡವೆಂದರೂ ನಾನು ಅವಳ ಪಕ್ಕ ಹೋಗಿ ನಿಂತೆ. ಕೊನೆಯ ಆಸರೆ ತೆಗೆದಾಗ ಸಜ್ಜಾ ಕೂದಲೆಳೆಯಷ್ಟೂ ಕದಲಲಿಲ್ಲ. ಆಮೇಲೆ ಹಲಗೆ ಕಳಚಿದರು. ತಲೆ ಎತ್ತಿದರೆ, ಮಗಳೇ, ಕಾಂಕ್ರೀಟಿನ ಅಡಿಯಲ್ಲಿ ಬಿಳಿ ಕೈ. ಕಂಬಿ ಮೇಲೆ ತರುವಾಗ ಮಗಳು ಹಲಗೆ ಒರೆಸಲು ಬಿಟ್ಟಿರಲಿಲ್ಲ. ಹಲಗೆಯ ಸುಣ್ಣ ಕಾಂಕ್ರೀಟಿಗೆ ಕಚ್ಚಿಕೊಂಡಿದೆ, ಐದು ಬೆರಳೂ ಹಾಗೇ ಇವೆ.

ಬಣ್ಣದವನು ಬ್ರಷ್ ಹಿಡಿದು ನಿಂತಿದ್ದ. "ಇದ್ಯಾರ ಕೈಯಮ್ಮಾ, ಬಳಿದುಬಿಡ್ಲಾ?" ಎಂದ.

ನನ್ನ ಮಗಳು ನನ್ನ ಕಡೆ ನೋಡಲಿಲ್ಲ. "ಯಾರ್ದು ಅಂತ ಕೇಳ್ಬಾರ್ದು" ಎಂದಳು. "ಸುತ್ತ ಬಳಿ."

ಅಜ್ಜಿ

ಸ್ಟೂಲು ತರಬೇಡ. ಇಲ್ಲಿ ನನ್ನ ಪಕ್ಕ ಕೂರಲು ಜಾಗವಿದೆ, ಆ ಸಜ್ಜಾದ ಕೆಳಗೇ.